ಬ್ರೈಲ್ ಕಲಿಸುವ ಮುನ್ನ: ಚುಕ್ಕೆಯೇ ಯಾಕೆ?

ಕಣ್ಣು ಕಾಣದ ಮಕ್ಕಳು ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿಯ ಪಾಠ ಬಂದ ಕೂಡಲೇ ನಾವು ಟೀಚರುಗಳೆಲ್ಲ ಚುಕ್ಕೆಗಳ ಪಟ್ಟಿ ಹಿಡಿದು ಬಾಯಿಪಾಠಕ್ಕೆ ಕೂರುತ್ತೇವೆ. ಸ್ವಲ್ಪ ತಡೆಯಿರಿ. ಮಾಮೂಲಿ ಅಕ್ಷರವನ್ನೇ ಉಬ್ಬಿಸಿ ಅಚ್ಚು ಹಾಕಿದರೆ ಸಾಲದೇ?

ಅದನ್ನೂ ಮಾಡಿ ನೋಡಿದ್ದಾರೆ. ಪ್ಯಾರಿಸ್‌ನ ಅಂಧ ಮಕ್ಕಳ ಶಾಲೆಯಲ್ಲಿ ಮೊದಲು ಇದ್ದದ್ದು ಉಬ್ಬಕ್ಷರದ ಪುಸ್ತಕಗಳೇ. ಗೆರೆ ಎಲ್ಲಿ ಬಾಗಿತು, ಎಲ್ಲಿ ಮುಗಿಯಿತು ಅಂತ ಬೆರಳು ಸುತ್ತಿ ಸುತ್ತಿ ಹುಡುಕಬೇಕಿತ್ತು. ಮಕ್ಕಳು ತಾವೇ ಬರೆಯುವುದಂತೂ ದೂರದ ಮಾತು. ಆಮೇಲೆ ಫ್ರಾನ್ಸಿನ ಸೇನಾಧಿಕಾರಿಯಾಗಿದ್ದ ಚಾರ್ಲ್ಸ್ ಬಾರ್ಬಿಯೆ 12 ಚುಕ್ಕೆಗಳ ಲಿಪಿ ತಂದರು. ಚುಕ್ಕೆ ಬೆರಳಿಗೆ ಚೆನ್ನಾಗಿ ಸಿಗುತ್ತದೆ, ಆದರೆ 12 ಜಾಸ್ತಿಯಾಯಿತು. ಅದೇ ಶಾಲೆಯ ಹುಡುಗ ಲೂಯಿ ಬ್ರೈಲ್ ಅದನ್ನು 6ಕ್ಕೆ ಇಳಿಸಿದ. 1824ರಲ್ಲಿ ಅವನಿಗೆ 15 ವರ್ಷ. ಆರು ಚುಕ್ಕೆಯ ಮನೆ (ಒಂದು ಅಕ್ಷರದ ಜಾಗ) ಬೆರಳ ತುದಿಯಡಿ ಒಂದೇ ಸಲಕ್ಕೆ ಹಿಡಿಯುತ್ತದೆ. ಗುಟ್ಟು ಇರುವುದೇ ಇಲ್ಲಿ. ಇಷ್ಟಾದರೂ ಶಾಲೆ ಅದನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಬ್ರೈಲ್ ತೀರಿಕೊಂಡು ಎರಡು ವರ್ಷದ ಮೇಲೆ!

ಹಾಗಾಗಿ ತರಗತಿಯಲ್ಲೂ ಬೆರಳಿನಿಂದಲೇ ಶುರು ಮಾಡಿ. ಮೊದಲು ಅಕ್ಷರ ಬೇಡ. ಮಣಿಗಳನ್ನು ಮುಟ್ಟಿ ಬೇರೆ ಮಾಡುವುದು, ಉಬ್ಬು ಗೆರೆಯ ಮೇಲೆ ಎಡದಿಂದ ಬಲಕ್ಕೆ ಬೆರಳು ಜಾರಿಸುವುದು ಸಾಕು. ಆರು ಗುಳಿಯ ಮೊಟ್ಟೆ ಟ್ರೇಯಲ್ಲಿ ಚೆಂಡಿಟ್ಟರೆ ಅದೇ ದೊಡ್ಡ ಬ್ರೈಲ್ ಮನೆ: ಎಡಗಡೆ ಮೇಲಿಂದ 1, 2, 3; ಬಲಗಡೆ 4, 5, 6. ಬೆರಳನ್ನು ಒತ್ತಬಾರದು, ಹಗುರವಾಗಿ ಸವರಬೇಕು. ಕಣ್ಣು ಮುಚ್ಚಿ ಓದಲು ಹೋಗಿ ನಾನು ಮಾಡಿದ ಮೊದಲ ತಪ್ಪೇ ಒತ್ತಿದ್ದು.

ಬರೆಯುವಾಗ ಇನ್ನೊಂದು ತೊಡಕು. ಬ್ರೈಲ್ ಸ್ಲೇಟಿನಲ್ಲಿ (ಕಾಗದ ಸಿಕ್ಕಿಸುವ, ಸಾಲು ಸಾಲು ಕಿಂಡಿಗಳ ಚೌಕಟ್ಟು) ಮೊಳೆಯಂಥ ಕಡ್ಡಿಯಿಂದ ಚುಚ್ಚಿದರೆ ಚುಕ್ಕೆ ಕಾಗದದ ಆಚೆ ಬದಿಗೆ ಏಳುತ್ತದೆ. ಅದಕ್ಕೇ ಬಲದಿಂದ ಎಡಕ್ಕೆ, ತಿರುಗುಮುರುಗಾಗಿ ಬರೆಯಬೇಕು. ಇಂಗ್ಲಿಷಿನ ‘ಡಿ’ಗೆ 1, 4, 5. ತಿರುಗಿಸುವುದು ಮರೆತರೆ ಓದುವಾಗ ಅದು 1, 2, 4, ಅಂದರೆ ‘ಎಫ್’! ಟೈಪ್‌ರೈಟರಿನಂಥ, ಆರು ಕೀಲಿಯ ಬ್ರೈಲರ್ ಯಂತ್ರದಲ್ಲಿ ಈ ಗೋಳಿಲ್ಲ. ಸಾಧ್ಯವಿದ್ದರೆ ಅದರಿಂದಲೇ ಶುರು ಮಾಡುವುದು ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಫೋನೇ ಓದಿ ಹೇಳುತ್ತದಲ್ಲ, ಬ್ರೈಲ್ ಯಾಕೆ ಅಂತ ಕೇಳುವವರೂ ಇದ್ದಾರೆ. ಕಥೆ ಕೇಳಲು ಸರಿ. ಆದರೆ ಕಾಗುಣಿತ? ‘ಕತೆ’ಯೋ ‘ಕಥೆ’ಯೋ ಅನ್ನುವುದು ಕಿವಿಗೆ ಬಹಳ ಸಲ ಗೊತ್ತೇ ಆಗುವುದಿಲ್ಲ, ಅಲ್ವಾ? ಉದ್ದನೆಯ ಲೆಕ್ಕವನ್ನಂತೂ ಬರೀ ಕೇಳಿಸಿಕೊಂಡು ಮಾಡುವುದು ಬಹಳ ಕಷ್ಟ.

ಕೊನೆಗೆ ನಮ್ಮ ವಿಷಯ. ಟೀಚರ್ ಬೆರಳಲ್ಲಿ ಓದಬೇಕಿಲ್ಲ, ಕಣ್ಣಲ್ಲೇ ಬ್ರೈಲ್ ಓದಬಹುದು. ಅಷ್ಟು ಕಲಿತರೆ ಆ ಮಗುವಿನ ನೋಟ್‌ಬುಕ್ಕನ್ನೂ ಉಳಿದವರ ಜೊತೆ ಅದೇ ಪೀರಿಯಡ್ಡಿನಲ್ಲಿ ತಿದ್ದಿಕೊಡಬಹುದು.