ಕಿವಿ ಹಿಂದೆ ಚೂರು ಕರೆಂಟು, ವಾಲುವುದು ಇಡೀ ಮೈ

ಎರಡೂ ಕಿವಿಗಳ ಹಿಂದಿನ ಮೂಳೆಯ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಸುಮಾರು 1 ಮಿಲಿಆಂಪಿಯರ್ ಕರೆಂಟ್ ಹರಿಸಿದರೆ, ಕಣ್ಣು ಮುಚ್ಚಿ ಕಾಲು ಜೋಡಿಸಿ ನಿಂತವರು ಒಂದು ಪಕ್ಕಕ್ಕೆ ವಾಲುತ್ತಾರೆ. ಪಾಸಿಟಿವ್ ಎಲೆಕ್ಟ್ರೋಡ್ ಯಾವ ಕಿವಿಯ ಹಿಂದಿದೆಯೋ ಆ ಕಡೆಗೆ. ಯಾರೂ ತಳ್ಳಿರುವುದಿಲ್ಲ, ನೆಲವೂ ಅಲುಗಿರುವುದಿಲ್ಲ. ಗ್ಯಾಲ್ವನಿಕ್ ವೆಸ್ಟಿಬ್ಯುಲರ್ ಸ್ಟಿಮ್ಯುಲೇಷನ್, ಚಿಕ್ಕದಾಗಿ ಜಿವಿಎಸ್, ಅನ್ನುವುದು ಇದಕ್ಕೇ.

ಈ ಕಥೆಗೆ ಬ್ಯಾಟರಿಯಷ್ಟೇ ವಯಸ್ಸು. ಬ್ಯಾಟರಿ ಕಂಡುಹಿಡಿದ ಇಟಲಿಯ ವೋಲ್ಟಾ ಅದರ ತಂತಿಗಳನ್ನು ತನ್ನ ಕಿವಿಗಳಿಗೇ ಇಟ್ಟುಕೊಂಡಿದ್ದ. ತಲೆಯೊಳಗೆ ಏನೋ ಬಡಿದಂತಾಯಿತು, ಆಮೇಲೆ ಮಂದವಾದದ್ದೇನೋ ಕುದಿಯುವಂಥ ಸದ್ದು ಕೇಳಿಸಿತು ಎಂದು 1800ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಅಪಾಯ ಅನ್ನಿಸಿ ಮತ್ತೆ ಆ ಗೋಜಿಗೆ ಹೋಗಲಿಲ್ಲ. ಇಪ್ಪತ್ತು ವರ್ಷದ ನಂತರ ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ವಿಜ್ಞಾನಿ ಪುರ್ಕಿನ್ಯೆ, ತಲೆಗೆ ಕರೆಂಟ್ ಹರಿಸಿದರೆ ತಲೆಸುತ್ತು ಬರುತ್ತದೆ, ಸಮತೋಲನ ತಪ್ಪುತ್ತದೆ ಎಂದು ದಾಖಲಿಸಿದ.

ಯಾಕೆ ಹೀಗೆ? ಉತ್ತರ ಸಿಗಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಒಳಕಿವಿ ಇರುವುದು ಕೇಳುವುದಕ್ಕೆ ಮಾತ್ರ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. ಫ್ರಾನ್ಸಿನ ವಿಜ್ಞಾನಿ ಫ್ಲೂರಾನ್ಸ್ 1820ರ ದಶಕದಲ್ಲೇ ಪಾರಿವಾಳಗಳ ಒಳಕಿವಿಯ ಅರ್ಧವೃತ್ತದ ನಾಳಗಳನ್ನು ಕತ್ತರಿಸಿ, ಅವು ತಲೆ ತಿರುಗಿಸುತ್ತಾ ತತ್ತರಿಸುವುದನ್ನು ನೋಡಿದ್ದ. ಆ ನಾಳಗಳು ತಲೆಯ ಚಲನೆಯನ್ನು ಅಳೆಯುತ್ತವೆ ಎಂದು 1870ರ ದಶಕದಲ್ಲಿ ವಿಯೆನ್ನಾದ ವೈದ್ಯ ಬ್ರಾಯರ್ ಹೇಳಿದ ಮೇಲೆ, ಕರೆಂಟಿನ ಈ ಪರಿಣಾಮದ ಮೂಲವೂ ಅಲ್ಲೇ ಎಂಬುದು ತಿಳಿಯಾಯಿತು.

ಒಳಕಿವಿಯ ನರಗಳು ನಾವು ಸುಮ್ನೆ ನಿಂತಾಗಲೂ ಸಂಕೇತ ಕಳಿಸುತ್ತಲೇ ಇರುತ್ತವೆ. ನೆಗೆಟಿವ್ ಎಲೆಕ್ಟ್ರೋಡ್ ಇರುವ ಕಡೆ ಆ ಸಂಕೇತ ಜಾಸ್ತಿಯಾಗುತ್ತದೆ, ಪಾಸಿಟಿವ್ ಕಡೆ ಕಡಿಮೆಯಾಗುತ್ತದೆ. ಎಡಗಡೆ ನೆಗೆಟಿವ್ ಇದ್ದರೆ, ಎಡಕ್ಕೆ ಬೀಳುತ್ತಿದ್ದೇನೆ ಎಂದು ಮೆದುಳು ಎಣಿಸಿ ಮೈಯನ್ನು ಬಲಕ್ಕೆ ಎಳೆಯುತ್ತದೆ. ಅಂದರೆ ವಾಲಿಸುವುದು ಕರೆಂಟಲ್ಲ, ಬೀಳದಂತೆ ನಮ್ಮನ್ನು ಕಾಯುವ ಮೆದುಳೇ!

ನನಗೆ ತುಂಬಾ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಪಾಸಿಟಿವ್ ಬಲಗಿವಿಯ ಹಿಂದಿರುವಾಗ ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಬಲಗಿವಿ ಮುಂದಕ್ಕೆ ಬರುತ್ತದೆ ಅಲ್ವಾ, ಆಗ ಮೈಯೂ ಬಲಕ್ಕಲ್ಲ, ಮುಂದಕ್ಕೆ ವಾಲುತ್ತದೆ. ಕತ್ತು ಎಷ್ಟು ತಿರುಗಿದೆ ಎಂಬುದನ್ನೂ ಮೆದುಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಣ್ಣು ಬಿಟ್ಟರೆ ವಾಲುವುದು ಕಡಿಮೆ. ಒರಗಿ ಕೂತಿದ್ದರೆ ಕಾಲಿನ ಸ್ನಾಯುಗಳು ಹೆಚ್ಚುಕಡಿಮೆ ಸುಮ್ಮನಿರುತ್ತವೆ, ಆಗ ನಿಲ್ಲಿಸುವ ಕೆಲಸ ಅವುಗಳ ಮೇಲಿಲ್ಲವಲ್ಲ.

ಈಚೆಗೆ ಇದನ್ನು ತಿರುವುಮುರುವಾಗಿಯೂ ನೋಡುತ್ತಿದ್ದಾರೆ. ಗೊತ್ತೇ ಆಗದಷ್ಟು ಸಣ್ಣ, ಗೊತ್ತುಗುರಿಯಿಲ್ಲದೆ ಏರಿಳಿಯುವ ಕರೆಂಟ್ ಕೊಟ್ಟಾಗ, ಎರಡೂ ಒಳಕಿವಿ ದುರ್ಬಲವಾದ ಕೆಲವರ ಓಲಾಟ ತಗ್ಗಿದ್ದು ಪ್ರಯೋಗಗಳಲ್ಲಿ ಕಂಡಿದೆ. ಜೆಂಟಮೈಸಿನ್ ಎಂಬ ಆಂಟಿಬಯೋಟಿಕ್‌ನಿಂದ ಒಳಕಿವಿ ಕೆಟ್ಟು ಕತ್ತಲಲ್ಲಿ ನಡೆಯಲು ಒದ್ದಾಡುವವರಿಗೆ ಇದು ದೊಡ್ಡ ಆಸೆ. ಆದರೆ ಇದಿನ್ನೂ ಸಂಶೋಧನೆಯ ಹಂತದಲ್ಲಿದೆ. ದಯವಿಟ್ಟು ಮನೆಯಲ್ಲಿ ಬ್ಯಾಟರಿ ಹಿಡಿದು ಯಾರೂ ಪ್ರಯೋಗ ಮಾಡಬೇಡಿ. ನಡೆಯುವಾಗ ಓಲಾಡುವಂತಾದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.