ಮ್ಯಾನೇಜರ್ ಠಾಕುಠೀಕಾಗಿದ್ದರೆ ಗಲ್ಲಾ ತುಂಬುತ್ತದೆಯೇ?

ಪ್ರಶ್ನೆ: ತುಮಕೂರಿನಲ್ಲಿ ನಮ್ಮದು ಬಟ್ಟೆ ಅಂಗಡಿ. ಮ್ಯಾನೇಜರ್ ದಿನವೂ ಗರಿಗರಿ ಇಸ್ತ್ರಿ ಹಾಕಿಕೊಂಡೇ ಬರುತ್ತಾರೆ, ಹುಡುಗರಿಗೂ ಹಾಗೇ ಬರಬೇಕೆಂದು ತಾಕೀತು. ಇದರಿಂದ ವ್ಯಾಪಾರ ನಿಜಕ್ಕೂ ಏರುತ್ತದೆಯೇ?

ಉತ್ತರ: ಚೆಂದ ಕಾಣುವುದರಿಂದ ಮೊದಲು ಲಾಭವಾಗುವುದು ಮ್ಯಾನೇಜರಿಗೇ, ಅಂಗಡಿಗಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಹ್ಯಾಮರ್ಮೆಶ್ ಮತ್ತು ಬಿಡಲ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋಡಲು ಅಷ್ಟಕ್ಕಷ್ಟೇ ಎನಿಸಿಕೊಂಡವರ ಸಂಬಳ ಸಾಧಾರಣ ರೂಪದವರಿಗಿಂತ ಶೇ. 5ರಿಂದ 10ರಷ್ಟು ಕಡಿಮೆ ಇತ್ತು. ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಸಿಇಒಗಳ ಫೋಟೊ ತೋರಿಸಿ ಅಭಿಪ್ರಾಯ ಕೇಳಿದರು. ಸಮರ್ಥರಂತೆ ಕಾಣುವವರಿಗೆ ಸಂಬಳವೇನೋ ಜಾಸ್ತಿ ಇತ್ತು, ಕಂಪನಿಯ ಗಳಿಕೆ ಮಾತ್ರ ಜಾಸ್ತಿ ಇರಲಿಲ್ಲ. 2008ರಲ್ಲಿ ಮನಶ್ಶಾಸ್ತ್ರಜ್ಞರಾದ ರೂಲ್ ಮತ್ತು ಅಂಬಾಡಿ ಅವರಿಗೆ ಸಿಇಒಗಳ ಮುಖದ ಗತ್ತಿಗೂ ಕಂಪನಿಯ ಲಾಭಕ್ಕೂ ನಂಟು ಕಂಡಿತು. ಆದರೆ ಮುಖ ಲಾಭ ತಂದಿತೋ, ಲಾಭದಲ್ಲಿದ್ದ ಕಂಪನಿ ಅಂಥ ಮುಖವನ್ನೇ ಆರಿಸಿಕೊಂಡಿತೋ, ಅದು ಅಲ್ಲಿ ಇತ್ಯರ್ಥವಾಗುವುದಿಲ್ಲ. ಅಲ್ಲದೆ ಇವೆಲ್ಲ ಮುಖದ ಮಾತು, ಇಸ್ತ್ರಿಯದಲ್ಲ.

ನಿಮ್ಮ ಅಂಗಡಿಯಲ್ಲಿ ಗಿರಾಕಿ ಹತ್ತಿರದಿಂದ ನೋಡುವುದು ಗಲ್ಲಾದ ಮೇಲೆ ಕೂತವರನ್ನಲ್ಲ, ಸೀರೆ ಬಿಚ್ಚಿ ತೋರಿಸುವ ಕೈಯನ್ನು. ಉಗುರಿನ ಕೊಳೆ, ಬೆವರಿನ ವಾಸನೆ, ಬಾಯಲ್ಲಿ ಗುಟ್ಕಾ ಇದ್ದರೆ ಗಿರಾಕಿ ಎರಡನೇ ಸೀರೆ ತೆಗೆಸುವುದಿಲ್ಲ. ಒರಟು ಉಂಗುರ ಜರಿಗೆ ಸಿಕ್ಕಿ ಒಂದೆಳೆ ಎದ್ದರೂ ಆ ಸೀರೆ ರಿಯಾಯಿತಿ ರಾಶಿಗೇ. ಮ್ಯಾನೇಜರ್ ತಾಕೀತು ಮಾಡಬೇಕಾದ್ದು ಇದನ್ನು. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಲೆಕ್ಕವೇ ಬೇರೆ: ತಿರುಗುವ ಯಂತ್ರದ ಪಕ್ಕ ಟೈ, ಸಡಿಲ ತೋಳು ಶೋಭೆಯಲ್ಲ, ಅಪಾಯ.

ಅನುಮಾನವಿದ್ದರೆ ಅಳೆದೇ ನೋಡಿ. ನಾಲ್ಕು ವಾರ ಈಗಿರುವಂತೆಯೇ ನಡೆಸಿ, ಮುಂದಿನ ನಾಲ್ಕು ವಾರ ಒಂದೇ ಒಂದು ಬದಲಾವಣೆ ತನ್ನಿ, ಉದಾಹರಣೆಗೆ ಎಲ್ಲರಿಗೂ ಒಂದೇ ಬಣ್ಣದ ಶರ್ಟ್. ದಿನದ ಒಟ್ಟು ವ್ಯಾಪಾರ ನೋಡಿದರೆ ಮೋಸಹೋಗುತ್ತೀರಿ. ಒಂದು ಮದುವೆ ಜವಳಿ ಬಂದರೆ ಸಾಕು, ಲೆಕ್ಕವೆಲ್ಲ ಏರುಪೇರು. ಒಳಗೆ ಬಂದ ಗುಂಪುಗಳೆಷ್ಟು, ಆದ ಬಿಲ್ಲುಗಳೆಷ್ಟು ಎಂದು ಬರೆದಿಡಿ. ಗುಬ್ಬಿ, ಕುಣಿಗಲ್ ಕಡೆಯಿಂದ ಮನೆಮಂದಿಯೆಲ್ಲ ಬರುತ್ತಾರೆ, ಐದು ಜನರಿಗೆ ಬಿಲ್ಲು ಒಂದೇ. ಹಾಗಾಗಿ ತಲೆ ಎಣಿಸದೆ ಗುಂಪು ಎಣಿಸಿ. 120 ಗುಂಪಿಗೆ 42 ಬಿಲ್ ಆದರೆ ಶೇ. 35. ಶನಿವಾರವನ್ನು ಶನಿವಾರಕ್ಕೇ ಹೋಲಿಸಿ. ಯುಗಾದಿ, ದೀಪಾವಳಿ, ಶಿವರಾತ್ರಿಯ ಸಿದ್ಧಗಂಗಾ ಜಾತ್ರೆಯ ವಾರಗಳು ಬೇಡ. ನಡುವೆ ಹೊಸ ಸ್ಟಾಕ್ ಬಂದಿದ್ದರೆ ಆ ವಾರವನ್ನೂ ಬಿಟ್ಟು, ಇನ್ನೊಂದು ವಾರ ಸೇರಿಸಿಕೊಳ್ಳಿ.