ಹಳಿಗೂ ಕಾಡಿಗೂ ನಡುವೆ ಬೆಳೆದ ವೋಯಿ

ಕೆನ್ಯಾದ ಬಂದರು ನಗರ ಮೊಂಬಾಸಾದಿಂದ ನೈರೋಬಿಯತ್ತ ಹೊರಟವರಿಗೆ ಸುಮಾರು 150 ಕಿ.ಮೀ. ದೂರದಲ್ಲಿ ಸಿಗುವ ವೋಯಿ, ತೈತಾ ತವೆತಾ ಕೌಂಟಿಯ ಅತಿ ದೊಡ್ಡ ಪಟ್ಟಣ. ಪೂರ್ವ ತ್ಸಾವೊ ರಾಷ್ಟ್ರೀಯ ಉದ್ಯಾನದ ಮುಖ್ಯ ದ್ವಾರವೊಂದು ಊರಿಗೆ ಹೊಂದಿಕೊಂಡೇ ಇದೆ. ಕೌಂಟಿಯ ಶೇ 60ಕ್ಕೂ ಹೆಚ್ಚು ಭೂಮಿ ಪೂರ್ವ ಮತ್ತು ಪಶ್ಚಿಮ ತ್ಸಾವೊ ಉದ್ಯಾನಗಳಿಗೆ ಸೇರಿದೆ. ಉಳಿದದ್ದರಲ್ಲಿ ಕತ್ತಾಳೆ ತೋಟಗಳು ಮತ್ತು ಜಾನುವಾರು ಸಾಕಣೆಯ ರ‍್ಯಾಂಚ್‌ಗಳೂ ದೊಡ್ಡ ಪಾಲು ಪಡೆದಿವೆ. ಪಟ್ಟಣ ಎಲ್ಲಿ ಬೆಳೆಯಬೇಕು, ಯಾವ ದಿಕ್ಕಿಗೆ ಚಾಚಬಾರದು ಎಂಬ ನಿರ್ಧಾರಗಳಲ್ಲಿ ಸ್ಥಳೀಯರ ಮಾತು ನಡೆದದ್ದು ಕಡಿಮೆ.

ಊರನ್ನು ಹುಟ್ಟಿಸಿದ್ದು ರೈಲು. 1896ರಲ್ಲಿ ಮೊಂಬಾಸಾದಿಂದ ಆರಂಭವಾದ ಉಗಾಂಡ ರೈಲು ಮಾರ್ಗದ ಕಾಮಗಾರಿಗೆ ಬ್ರಿಟಿಷರು ಭಾರತದಿಂದ ಸುಮಾರು 32 ಸಾವಿರ ಕೂಲಿಗಳನ್ನು ಕರೆತಂದರು. ಅವರಲ್ಲಿ ಹೆಚ್ಚಿನವರು ಪಂಜಾಬಿನವರು, ಮತ್ತು ಸುಮಾರು 2,500 ಮಂದಿ ಅಲ್ಲೇ ಮಡಿದರು. 1898ರಲ್ಲಿ ತ್ಸಾವೊ ನದಿಯ ಸೇತುವೆ ಕಟ್ಟುತ್ತಿದ್ದವರನ್ನು ಎರಡು ಸಿಂಹಗಳು ಬೇಟೆಯಾಡಿದ ಕಥೆ ಜಗತ್ತಿಗೇ ಗೊತ್ತಿದೆ. ಅವುಗಳನ್ನು ಕೊಂದ ಎಂಜಿನಿಯರ್ ಪ್ಯಾಟರ್ಸನ್ ಸತ್ತವರ ಸಂಖ್ಯೆ 135 ಎಂದು ಹೇಳಿಕೊಂಡಿದ್ದನಾದರೂ, ಸಿಂಹಗಳ ಮೂಳೆ ಮತ್ತು ಕೂದಲನ್ನು ಪರೀಕ್ಷಿಸಿದ ವಿಜ್ಞಾನಿಗಳು 2009ರಲ್ಲಿ ಅದನ್ನು ಸುಮಾರು 35ಕ್ಕೆ ಇಳಿಸಿದರು. ಸಿಂಹಗಳಿಗೆ ಸಿಕ್ಕ ಪ್ರಚಾರದ ಒಂದಂಶವೂ ಆ ಕೂಲಿಗಳಿಗೆ ಸಿಗಲಿಲ್ಲವೆಂಬುದು ಬೇರೆ ಮಾತು. ಮೊದಲ ಮಹಾಯುದ್ಧದಲ್ಲಿ ಜರ್ಮನರ ವಶದಲ್ಲಿದ್ದ ನೆರೆಯ ಪ್ರದೇಶದ ಮೇಲೆ ದಾಳಿ ಮಾಡಲು ವೋಯಿಯಿಂದ ತವೆತಾದ ಕಡೆಗೆ ಸೇನಾ ರೈಲು ಮಾರ್ಗ ಹಾಕಲಾಯಿತು. ಹೀಗೆ ವೋಯಿ ಜಂಕ್ಷನ್ ಆಯಿತು.

1948ರ ಏಪ್ರಿಲ್‌ನಲ್ಲಿ ವಸಾಹತು ಸರ್ಕಾರ ತ್ಸಾವೊ ರಾಷ್ಟ್ರೀಯ ಉದ್ಯಾನವನ್ನು ಘೋಷಿಸಿತು. ಒಟ್ಟು 20 ಸಾವಿರ ಚದರ ಕಿ.ಮೀ.ಗೂ ಮಿಕ್ಕಿದ ಈ ಪ್ರದೇಶವನ್ನು ಆಡಳಿತದ ಅನುಕೂಲಕ್ಕಾಗಿ ಪೂರ್ವ, ಪಶ್ಚಿಮ ಎಂದು ಹೋಳು ಮಾಡುವಾಗ ರೈಲು ಮಾರ್ಗವೇ ಗಡಿರೇಖೆಯಾಯಿತು. ಬೆಟ್ಟದ ತಪ್ಪಲಿನ ತೈತಾ ಜನರಿಗೆ ಬಯಲು ಭೂಮಿ ದಕ್ಕದಾಯಿತು. ತಲೆಮಾರುಗಳಿಂದ ವಿಷಬಾಣಗಳಲ್ಲಿ ಆನೆಯನ್ನು ಬೇಟೆಯಾಡುತ್ತಿದ್ದ ವಾಟಾ ಜನರಂತೂ ಒಮ್ಮೆಲೇ ಕಳ್ಳಬೇಟೆಗಾರರಾದರು. 1950ರ ದಶಕದ ಮಧ್ಯದಲ್ಲಿ ನಡೆದ ಕಾರ್ಯಾಚರಣೆಯಲ್ಲಿ ಅವರಲ್ಲಿ ಅನೇಕರು ಜೈಲು ಸೇರಿದರು. ಆ ಕಾರ್ಯಾಚರಣೆಯ ಮುಂದಾಳುಗಳಲ್ಲಿ ಪೂರ್ವ ತ್ಸಾವೊದ ಮೊದಲ ವಾರ್ಡನ್ ಡೇವಿಡ್ ಶೆಲ್ಡ್ರಿಕ್ ಒಬ್ಬರು.

ಬೇಟೆ ನಿಂತ ಮೇಲೆ ಉದ್ಯಾನದೊಳಗೆ ಆನೆಗಳು ಹೆಚ್ಚಿದವು, ಮರಗಳು ಬಿದ್ದವು, ಕುರುಚಲು ಕಾಡು ಹುಲ್ಲುಗಾವಲಾಗತೊಡಗಿತು. 1960ರ ದಶಕದ ಕೊನೆಗೆ ತ್ಸಾವೊ ಸುತ್ತಮುತ್ತ ಸುಮಾರು 35 ಸಾವಿರ ಆನೆಗಳಿದ್ದವೆಂದು ಅಂದಾಜಿಸಲಾಗಿತ್ತು. ಸಾವಿರಾರು ಆನೆಗಳನ್ನು ಕೊಂದು ಅಧ್ಯಯನ ನಡೆಸಿ ಸಂಖ್ಯೆಯನ್ನು ಹತೋಟಿಗೆ ತರಬೇಕೆಂದು ವಿಜ್ಞಾನಿ ರಿಚರ್ಡ್ ಲಾಸ್ ವಾದಿಸಿದರೆ, ನಿಸರ್ಗವೇ ಸರಿದೂಗಿಸಿಕೊಳ್ಳಲಿ ಎಂದು ಶೆಲ್ಡ್ರಿಕ್ ಪಟ್ಟುಹಿಡಿದರು. ಶೆಲ್ಡ್ರಿಕ್ ಗೆದ್ದರು. ಬೆನ್ನಲ್ಲೇ 1970–71ರ ಬರ ಬಂದು ಕನಿಷ್ಠ 6 ಸಾವಿರ ಆನೆಗಳು ಹಸಿವಿನಿಂದ ಸತ್ತವು. ಬಳಿಕ ದಂತಕ್ಕಾಗಿ ಬಂದೂಕು ಹಿಡಿದವರ ಸರದಿ. 1988ರ ಹೊತ್ತಿಗೆ ಉಳಿದದ್ದು 6 ಸಾವಿರದ ಆಸುಪಾಸು. ದಂತ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿಷೇಧ ಬಿದ್ದ ನಂತರ ಸಂಖ್ಯೆ ಮತ್ತೆ ಏರಿ ಈಗ 10 ಸಾವಿರವನ್ನು ದಾಟಿದೆ. ಸಂರಕ್ಷಣೆಯ ಲೆಕ್ಕದಲ್ಲಿ ಇದು ದೊಡ್ಡ ಯಶಸ್ಸು. ಆದರೆ ಆನೆಗಳು ಇಳಿಮುಖವಾಗಿದ್ದ ವರ್ಷಗಳಲ್ಲಿ ಊರಿನ ಸುತ್ತ ಮನೆ, ಹೊಲ, ಬೇಲಿಗಳು ಹೆಚ್ಚಿದ್ದವು. ಹಳೆಯ ದಾರಿ ಹಿಡಿದು ಬಂದ ಆನೆಗೆ ಎದುರಾದದ್ದು ಮೆಕ್ಕೆಜೋಳ.

ನೀರಿನ ಕಥೆಯೂ ಹೀಗೆಯೇ. ಪಶ್ಚಿಮ ತ್ಸಾವೊದ ಮ್ಜಿಮಾ ಚಿಲುಮೆಯ ನೀರನ್ನು 1950ರ ದಶಕದಿಂದ ಇನ್ನೂರಕ್ಕೂ ಹೆಚ್ಚು ಕಿ.ಮೀ. ಉದ್ದದ ಕೊಳವೆಯಲ್ಲಿ ಮೊಂಬಾಸಾಕ್ಕೆ ಒಯ್ಯಲಾಗುತ್ತಿದೆ. ವೋಯಿಯಲ್ಲಿ ಮಾತ್ರ ನೀರಿನ ಅಭಾವ ತಪ್ಪಿಲ್ಲ, ಊರಿನ ನದಿಯೋ ಮಳೆ ನಿಂತರೆ ಬತ್ತುತ್ತದೆ.

ಪಟ್ಟಣದ ಸಂಪಾದನೆ ಪ್ರವಾಸಿಗರಿಗಿಂತ ಹೆಚ್ಚಾಗಿ ಹೆದ್ದಾರಿಯನ್ನು ನಂಬಿದೆ. ಲಾರಿ ಚಾಲಕರು ಉಣ್ಣುವ ಹೋಟೆಲುಗಳು, ವಸತಿಗೃಹಗಳು, ಟೈರ್ ಅಂಗಡಿಗಳು ಅಲ್ಲಿನ ಬದುಕು. 2017ರಲ್ಲಿ ಮೊಂಬಾಸಾ–ನೈರೋಬಿ ಹೊಸ ರೈಲು ಓಡತೊಡಗಿದಾಗ ವೋಯಿಗೂ ನಿಲ್ದಾಣ ಸಿಕ್ಕಿತು, ಪ್ರಾಣಿಗಳು ದಾಟಲು ಹಳಿಯ ಕೆಳಗೆ ದಾರಿಗಳನ್ನೂ ಬಿಡಲಾಯಿತು. ಆದರೆ ಬಂದರಿನ ಸರಕನ್ನು ರೈಲಿನಲ್ಲೇ ಸಾಗಿಸಬೇಕೆಂಬ ಸರ್ಕಾರದ ಒತ್ತಾಯ ಲಾರಿಗಳನ್ನು ಕಡಿಮೆ ಮಾಡಿ, ಹೆದ್ದಾರಿ ಪಟ್ಟಣಗಳ ವ್ಯಾಪಾರಕ್ಕೆ ಪೆಟ್ಟು ಕೊಟ್ಟಿತು. ಅಧ್ಯಕ್ಷ ರೂಟೊ 2022ರಲ್ಲಿ ಅಧಿಕಾರಕ್ಕೆ ಬಂದ ಕೂಡಲೇ ಈ ನೀತಿಯನ್ನು ಕೈಬಿಟ್ಟರು.

ಉದ್ಯಾನದ ಪ್ರವೇಶ ಶುಲ್ಕದಲ್ಲಿ ಪಾಲು ಬೇಕೆಂಬ ಕೌಂಟಿಯ ಬೇಡಿಕೆ ಹಳೆಯದು, ನನ್ನ ದೃಷ್ಟಿಯಲ್ಲಿ ನ್ಯಾಯವಾದದ್ದು. ಕಾಡುಪ್ರಾಣಿಯಿಂದ ಸತ್ತವರ ಕುಟುಂಬಕ್ಕೆ 50 ಲಕ್ಷ ಶಿಲಿಂಗ್ ಪರಿಹಾರ ಕೊಡಬೇಕೆಂದು 2013ರ ಕಾನೂನು ಹೇಳುತ್ತದಾದರೂ, ಹಣಕ್ಕಾಗಿ ವರ್ಷಗಟ್ಟಲೆ ಕಾಯುವವರು ಅನೇಕರಿದ್ದಾರೆ. ಈ ನಡುವೆ ವೋಯಿ ಬಳಿಯ ಸಗಾಲಾದಲ್ಲಿ ಸಂಶೋಧಕಿ ಲೂಸಿ ಕಿಂಗ್ ಅವರ ತಂಡ ರೈತರೊಡನೆ ಸೇರಿ ಹೊಲದ ಸುತ್ತ ತಂತಿಯಲ್ಲಿ ಜೇನುಪೆಟ್ಟಿಗೆಗಳನ್ನು ತೂಗುಹಾಕಿದೆ: ಆನೆ ತಂತಿಗೆ ತಗುಲಿದರೆ ಪೆಟ್ಟಿಗೆ ಅಲುಗಿ ಜೇನುನೊಣಗಳು ಹೊರಬರುತ್ತವೆ, ಆನೆ ಹಿಂದೆ ಸರಿಯುತ್ತದೆ, ರೈತನಿಗೆ ಜೇನುತುಪ್ಪದ ಆದಾಯವೂ ಇದೆ. ಬರಗಾಲದಲ್ಲಿ ಹೂವಿಲ್ಲದೆ ನೊಣಗಳು ಪೆಟ್ಟಿಗೆ ಬಿಟ್ಟು ಹೋಗುವುದು ಇದರ ದೊಡ್ಡ ತೊಡಕು. ಆನೆಗಳು ಹಸಿದು ಹೊಲಕ್ಕೆ ನುಗ್ಗುವ ಕಾಲವೂ ಸಾಮಾನ್ಯವಾಗಿ ಅದೇ.